ಮಾವನ ಎಡಗೈಗೆ ಸಿಗುವಷ್ಟು

ಮುನಿರಾಬಾದಿನ ಡ್ಯಾಮಿನ ಕಾಲೊನಿಯಲ್ಲಿ ನಮಗೆ ಸಿಕ್ಕಿದ್ದ ಮನೆಯ ವೈರಿಂಗ್ ಮಾಡಿದವರು ಯಾರೋ ಬಹಳ ಎತ್ತರದ ಮನುಷ್ಯರಿರಬೇಕೆಂದು ಮದುವೆಯಾಗಿ ಬಂದ ಹೊಸದರಲ್ಲೇ ನಾನು ತೀರ್ಮಾನಿಸಿದ್ದೆ. ಸ್ವಿಚ್ ಬೋರ್ಡುಗಳೆಲ್ಲ ನನ್ನ ತಲೆಗಿಂತ ಮೇಲೆ. ಅವುಗಳಲ್ಲಿ ಒಂದೇ ಅಳತೆಯ ಕರಿ ಸ್ವಿಚ್ಚುಗಳು ಸಾಲಾಗಿ ಕೂತಿದ್ದವು. ದೀಪ ಹಾಕಲು ಹೋದರೆ ಫ್ಯಾನು ತಿರುಗುತ್ತಿತ್ತು, ಫ್ಯಾನು ನಿಲ್ಲಿಸಲು ಹೋದರೆ ಹೊರಗಿನ ಬಲ್ಬು ಹತ್ತುತ್ತಿತ್ತು. ಯಜಮಾನರು ಅಲ್ಲೇ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿದ್ದವರು. ನಾನು ಗೊಣಗಿದರೆ, "ಹುಡುಗ್ರ ಕೈಗೆ ಸಿಗಬಾರ್ದಂತ ಅಷ್ಟು ಮ್ಯಾಲ ಇಟ್ಟಾರ" ಎನ್ನುತ್ತಿದ್ದರು. "ಹುಡುಗ್ರು ಇನ್ನೂ ಹುಟ್ಟೇ ಇಲ್ಲ. ಸದ್ಯಕ್ಕ ನನ್ನ ಕೈಗೇ ಸಿಗಂಗಿಲ್ಲಲ್ರಿ" ಎಂದು ನಾನು. ಈ ಮಾತು ನಮ್ಮಿಬ್ಬರ ನಡುವೆ ಎಷ್ಟೋ ಸಲ ಬಂದು ಹೋಗುತ್ತಿತ್ತು, ಬೋರ್ಡು ಮಾತ್ರ ಕೆಳಗೆ ಇಳಿಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೇವೂರಿನಲ್ಲಿ ಒಬ್ಬರೇ ಇದ್ದು ಬೇಸಾಯ ನೋಡಿಕೊಳ್ಳುತ್ತಿದ್ದ ಮಾವನವರಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಒಂದು ಕಡೆಗೆ ವಾಲಿತು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹೊಲವನ್ನು ಪಾಲಿಗೆ ಕೊಟ್ಟು ಮಾವನವರನ್ನು ನಮ್ಮ ಮನೆಗೆ ಕರೆತಂದೆವು. ಕೆಲವು ವಾರಗಳಲ್ಲಿ ಕಾಲು ಸ್ವಲ್ಪ ಸುಧಾರಿಸಿತು. ಯಾರಾದರೂ ಕೈ ಹಿಡಿದರೆ ಬಚ್ಚಲದವರೆಗೆ ಎಳೆದೆಳೆದು ನಡೆಯುತ್ತಿದ್ದರು. ಮಾತು ತೊದಲಾಗಿ ಬರುತ್ತಿತ್ತು. ಎಡಗೈ ಚೆನ್ನಾಗಿತ್ತು ಎನ್ನಬೇಕು, ಆದರೆ ಅದೂ ಸಣ್ಣಗೆ ನಡುಗುತ್ತಿತ್ತು. ಹಾಸಿಗೆಯಲ್ಲೇ ಮೂತ್ರಕ್ಕೆ ಪಾತ್ರೆ ಹಿಡಿಯುವ ಮಾತನ್ನು ಯಾರೋ ಎತ್ತಿದಾಗ ಅವರು ಮುಖವನ್ನು ಗೋಡೆಗೆ ತಿರುಗಿಸಿದರು. ಆಮೇಲೆ ಆ ಮಾತನ್ನು ನಾವು ಎತ್ತಲಿಲ್ಲ.

ನಮ್ಮ ಕಡೆ ಸೊಸೆ ಮಾವನ ಎದುರು ನಿಂತು ಮಾತನಾಡುವ ರೂಢಿ ಆಗ ಇರಲಿಲ್ಲ. ಮಾವನವರು ಮನೆಯೊಳಗೆ ಬರುವ ಮುಂಚೆ ಹೊಸ್ತಿಲಲ್ಲಿ ಒಮ್ಮೆ ಕೆಮ್ಮುತ್ತಿದ್ದರು, ನಾನು ಒಳಗೆ ಸರಿಯುತ್ತಿದ್ದೆ. ಹಬ್ಬಕ್ಕೆಂದು ಬೇವೂರಿಗೆ ಹೋದಾಗ ಅವರು ಪಡಸಾಲೆಯ ಕಂಬಕ್ಕೆ ಮುಖ ಮಾಡಿ, "ಉಣ್ಣಾಕ ನೀಡಂತ ಹೇಳು" ಎನ್ನುವರು. ಅಲ್ಲಿ ಕಂಬದ ಹೊರತು ಯಾರೂ ಇರುತ್ತಿರಲಿಲ್ಲ. ಅವರು ಕಂಬಕ್ಕೆ ಹೇಳುವುದು, ಕಂಬ ನನಗೆ ಹೇಳುವುದು. ಹೀಗೆ ನಡೆದುಬಂದಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಕಾಲೊನಿಯ ಮನೆಯಲ್ಲಿ ಕಂಬ ಇರಲಿಲ್ಲ. ಬೆಳಿಗ್ಗೆ ಯಜಮಾನರು ಬುತ್ತಿ ಕಟ್ಟಿಸಿಕೊಂಡು ಹೋದರೆ ಸಂಜೆಯವರೆಗೆ ಆ ಮನೆಯಲ್ಲಿ ಮಾವ ಮತ್ತು ನಾನು ಇಬ್ಬರೇ.

ಮಂಚ ಹಾಕುವ ದಿನವೇ ಒಂದು ತೊಡಕು ಎದ್ದಿತ್ತು. ಪಡಸಾಲೆಯ ಪಶ್ಚಿಮಕ್ಕೆ ಬಾಗಿಲು, ಕಿಟಕಿ. ಮಂಚ ಹಿಡಿಸುವ ಖಾಲಿ ಗೋಡೆ ಎಂದರೆ ಪೂರ್ವದ್ದು ಒಂದೇ. ಉತ್ತರಕ್ಕೆ ತಲೆ ಹಾಕಿ ಮಲಗಬಾರದಲ್ಲ, ಅದರಲ್ಲೂ ಕಾಯಿಲೆಯ ಮನುಷ್ಯ. ಹಾಗಾಗಿ ದಕ್ಷಿಣಕ್ಕೆ ತಲೆ. ಆಗ ಗೋಡೆಯ ಕಡೆಗೆ ಬಿದ್ದದ್ದು ಅವರ ಬಲಗೈ, ಜೀವವಿಲ್ಲದ್ದು. ಜೀವವಿದ್ದ ಎಡಗೈಯ ಕಡೆಗೆ ಬರೀ ಗಾಳಿ. ಇದು ಅವತ್ತು ನಮ್ಮ ಯಾರ ತಲೆಗೂ ಹೋಗಲಿಲ್ಲ. ದಿಕ್ಕು ಸರಿಯಾಯಿತು ಎಂಬ ಸಮಾಧಾನವೇ ದೊಡ್ಡದಾಗಿತ್ತು.

ಯಜಮಾನರು ತಂದೆಗಾಗಿ ಕರೆಗಂಟೆ ಹಾಕಿದರು. ಹಗಲೆಲ್ಲ ಡ್ಯೂಟಿ ಮಾಡಿ ಬಂದು, ಭಾನುವಾರ ಕೂತು, ಎಷ್ಟು ಅಕ್ಕರೆಯಿಂದ ವೈರು ಎಳೆದರೆಂದರೆ ನೋಡಲು ನನಗೇ ಸಂತೋಷವಾಗಿತ್ತು. ಅಡುಗೆಮನೆಯಲ್ಲಿ ಗಂಟೆ, ಮಂಚದ ಪಕ್ಕದ ಗೋಡೆಯಲ್ಲಿ ಗುಂಡಿ. ಬಿಳಿಯ ಗುಂಡಿ, ಕಡಲೆಕಾಳಿಗಿಂತ ಒಂಚೂರು ದೊಡ್ಡದು. "ಯಪ್ಪಾ, ಏನು ಬೇಕಾದ್ರೂ ಇದನ್ನ ಒತ್ತು. ಅಡಗಿಮನ್ಯಾಗ ಗಂಟಿ ಹೊಡಕೊಂತೈತಿ, ಆಕಿ ಬರ್ತಾಳ" ಎಂದರು. ಮಾವ ತಲೆಯಾಡಿಸಿದರು. ಯಜಮಾನರು ತಾವೇ ಒತ್ತಿ ತೋರಿಸಿದರು, ಗಂಟೆ ಮನೆ ಹಾರಿಹೋಗುವಂತೆ ಬಡಿದುಕೊಂಡಿತು. ಪಕ್ಕದ ಮನೆಯ ಗಂಗಾವತಿ ಕಡೆಯ ಹೆಂಗಸು ಬಂದು ನೋಡಿ, ಮಗನೆಂದರೆ ಹೀಗಿರಬೇಕು ಎಂದು ಹೊಗಳಿ ಹೋದಳು.

ಆ ಗುಂಡಿ ಒತ್ತಬೇಕಾದರೆ ಮಾವ ಎಡಗೈಯನ್ನು ಎದೆಯ ಮೇಲಿನಿಂದ ದಾಟಿಸಿ ಗೋಡೆಯವರೆಗೆ ತರಬೇಕು. ಅದಕ್ಕೆ ಮೈ ಹೊರಳಬೇಕು, ಮೈ ಹೊರಳುತ್ತಿರಲಿಲ್ಲ. ಒಂದು ವಾರ ಗಂಟೆಯ ಸದ್ದೇ ಇಲ್ಲದಿದ್ದಾಗ ಯಜಮಾನರಿಗೆ ಹೊಳೆದು, ವೈರು ಉದ್ದ ಮಾಡಿ ಗುಂಡಿಯನ್ನು ಎಡಗಡೆಗೆ ಇಳಿಬಿಟ್ಟರು. ಈಗ ಹತ್ತಿರವೇನೋ ಬಂತು, ಆದರೆ ತೂಗಾಡಲು ಶುರುಮಾಡಿತು. ಬೆರಳು ತಾಗಿದರೆ ಆಚೆ ಹೋಗುವುದು, ತಿರುಗಿ ಬಂದು ಮಂಚದ ಕಾಲಿಗೆ ಬಡಿಯುವುದು. ಕೊನೆಗೆ ಮಂಚದ ಪಟ್ಟಿಗೇ ಮೊಳೆ ಹೊಡೆದು ಕೂರಿಸಿದರು. ಅಲ್ಲಿ ಅದು ಅಲುಗದೆ ನಿಂತಿತು, ಮಲಗಿದವರ ಕಣ್ಣಿಗೆ ಮಾತ್ರ ಕಾಣಿಸುತ್ತಿರಲಿಲ್ಲ. ನಡುಗುವ ಬೆರಳಿನಿಂದ ಪಟ್ಟಿಯನ್ನು ಸವರುತ್ತ ಆ ಕಾಳಿನಷ್ಟು ಗುಂಡಿಯನ್ನು ಹುಡುಕಬೇಕು. ಗಂಟೆ ಆಗಲೂ ಮೌನ.

"ನಮ್ಮಪ್ಪಗ ಏನೂ ಬೇಕಾಗಂಗಿಲ್ಲ. ಮೊದಲಿಂದ ಹಂಗ, ಯಾರನ್ನೂ ಏನೂ ಕೇಳಿದಾವ್ನಲ್ಲ" ಎಂದು ಯಜಮಾನರು ಅಭಿಮಾನದಿಂದಲೇ ಹೇಳಿದರು. ಅದು ನಿಜವೇ. ಎಳ್ಳಷ್ಟು ಕೆಲಸಕ್ಕೂ ಇನ್ನೊಬ್ಬರನ್ನು ಕರೆದ ಜೀವವಲ್ಲ ಅದು. ಆದರೆ ನನಗೆ ಒಂದು ಸಂಗತಿ ಕಣ್ಣಿಗೆ ಚುಚ್ಚುತ್ತಿತ್ತು. ಬೆಳಿಗ್ಗೆ ಮಂಚದ ಹತ್ತಿರ ಸ್ಟೂಲಿನ ಮೇಲೆ ನಾನು ಇಟ್ಟ ನೀರಿನ ಲೋಟ ಸಂಜೆಗೂ ತುಂಬಿಯೇ ಇರುತ್ತಿತ್ತು. ಸಂಜೆ ಮಗ ಬಂದು ಕೈಕಾಲು ತೊಳೆದ ಮೇಲೆ ಮಾವ ಒಂದೇ ಉಸಿರಿಗೆ ಆ ಲೋಟ ಖಾಲಿ ಮಾಡುತ್ತಿದ್ದರು.

ಆಮೇಲೆ ಜ್ವರ ಬಂತು. ಮನೆಗೆ ಬಂದ ಡಾಕ್ಟರು ಕಣ್ಣು, ನಾಲಿಗೆ ನೋಡಿ, ಮಾವನನ್ನು ಏನೋ ಕೇಳಿ, ಹೊರಗೆ ಬಂದು ನಿಂತರು. "ಉರಿಮೂತ್ರ ಆಗೈತ್ರಿ. ನೀರ ಕುಡಿಯೋದ ಬಿಟ್ಟಾರ ಇವರು. ಹಿಂಗ ಬಿಟ್ರ ಮೂತ್ರಪಿಂಡಕ್ಕ ಕುಂದರ್ತದ, ಮುಂದ ನನ್ನ ಕೈಯಾಗೂ ಏನೂ ಉಳಿಯಂಗಿಲ್ಲ. ಗುಳಿಗಿ ಕೊಡ್ತೀನಿ, ಆದ್ರ ನೀರ ಕುಡಿಸ್ರಿ. ಔಷಧಕ್ಕಿಂತ ಅದ ಮುಖ್ಯ."

ಯಜಮಾನರು ಅವತ್ತು ತಂದೆಯ ಮೇಲೆ ರೇಗಿದರು. ಹೆದರಿದ್ದರು, ಅದಕ್ಕೇ ರೇಗಿದರು. "ಯಾಕ ಕುಡಿಯಂಗಿಲ್ಲ ಯಪ್ಪಾ ನೀನು? ಬಚ್ಚಲಕ ಹೋಗಬೇಕಾದ್ರ ಗುಂಡಿ ಒತ್ತು. ಒಂದು ಗುಂಡಿ ಒತ್ತಾಕ ಏನು ಕಷ್ಟ? ಹಟಾ ಹಿಡಿದ್ರ ಹೆಂಗ?" ಮಾವ ವಾಲಿದ ಬಾಯಿಯ ತುದಿಯಿಂದ ಸುರಿದ ಜೊಲ್ಲನ್ನು ಎಡಗೈಯಿಂದ ಒರೆಸಿಕೊಂಡರು. ಬಾಗಿಲ ಹಿಂದೆ ನಿಂತ ನನಗೆ ಇಬ್ಬರನ್ನೂ ನೋಡಿ ಅಯ್ಯೋ ಎನಿಸಿತು. ನೀರು ಕುಡಿದರೆ ಹಗಲು ಸೊಸೆಯ ಕೈ ಹಿಡಿದು ಬಚ್ಚಲಕ್ಕೆ ಹೋಗಬೇಕಲ್ಲ ಎಂದು ಮಾವ ಬಾಯಾರಿಕೊಂಡೇ ಇದ್ದರು. ಹಗಲು ಅವರ ಕೈ ಹಿಡಿದು ನಡೆಸಲು ನಾನು ತಯಾರಿದ್ದೆ. ನಾನು ತಯಾರಿದ್ದೇನೆ ಎಂದು ಮಾವನಿಗೆ ಹೇಳುವ ಮಾತು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದೆ. ಕಿಟಕಿಯಿಂದ ಮಂಚ ಕಾಣುತ್ತಿತ್ತು, ಮಾವನಿಗೆ ನಾನು ಕಾಣುತ್ತಿರಲಿಲ್ಲ. ಅವರ ಎಡಗೈ ಮೆಲ್ಲಗೆ ಚಾದರದಿಂದ ಹೊರಗೆ ಬಂತು. ಮಂಚದ ಪಟ್ಟಿಯನ್ನು ಮುಟ್ಟುವವರೆಗೆ ಸಲೀಸಾಗಿ ಬಂತು. ಅಲ್ಲಿಂದ ಮುಂದೆ ಬೆರಳು ತಡವರಿಸಿತು. ಗುಂಡಿಯ ಈಚೆ ಒತ್ತಿದರು, ಆಚೆ ಒತ್ತಿದರು, ಕಟ್ಟಿಗೆಯನ್ನು ಒತ್ತಿದರು. ಒಮ್ಮೆ ಬೆರಳು ಗುಂಡಿಯ ಮೇಲೇ ಬಂತು. ನಾನು ಉಸಿರು ಹಿಡಿದು ನಿಂತೆ. ಒತ್ತುವಷ್ಟರಲ್ಲಿ ನಡುಗಿ ಜಾರಿತು. ಅವರು ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಮತ್ತೆ ಚಾದರದೊಳಗೆ ಎಳೆದುಕೊಂಡು ಕಣ್ಣು ಮುಚ್ಚಿದರು. ನಾನು ಮೆಣಸಿನಕಾಯಿಯ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತೆ.

ಹಟವೂ ಅಲ್ಲ, ಏನೂ ಅಲ್ಲ. ನಾಚಿಕೆಯನ್ನು ಬದಿಗಿಟ್ಟು ಸೊಸೆಯನ್ನು ಕರೆಯುವ ಧೈರ್ಯವನ್ನು ಅವರು ಕೂಡಿಸಿಕೊಂಡಿದ್ದರು. ಆ ಧೈರ್ಯ ಒಂದು ಗಳಿಗೆಯದು. ಗುಂಡಿ ಸಿಗುವಷ್ಟರಲ್ಲಿ ಅದು ತೀರಿಹೋಗುತ್ತಿತ್ತು. ಒಂದೊಂದು ಸಲ ಬೆರಳು ತಪ್ಪಿದಾಗಲೂ ಮನಸ್ಸು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿತ್ತು.

ಅವತ್ತು ರೊಟ್ಟಿ ಬಡಿಯುತ್ತ ನನ್ನ ಕೈಯನ್ನೇ ನೋಡಿಕೊಂಡೆ. ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕುವಾಗ ನಾನು ಯಾವತ್ತೂ ನೋಡಿ ಹಾಕಿದವಳಲ್ಲ. ಹೆಂಚು ಅಗಲವಾಗಿದೆ, ಮಗ್ಗುಲಲ್ಲೇ ಇದೆ, ಕೈ ತಾನಾಗಿ ಹೋಗುತ್ತದೆ. ಅದೇ ಕೈಗೆ ಸೂಜಿ ಪೋಣಿಸಲು ಹೇಳಿ ನೋಡಿ. ದಾರ ಸೂಜಿಯ ಹತ್ತಿರ ಬಂದಂತೆ ಕೈ ನಿಧಾನವಾಗುತ್ತದೆ, ಕಣ್ಣು ಕಿರಿದಾಗುತ್ತದೆ, ಉಸಿರು ನಿಲ್ಲುತ್ತದೆ. ಮುಟ್ಟಬೇಕಾದ್ದು ಸಣ್ಣದಾದಷ್ಟೂ, ದೂರವಾದಷ್ಟೂ ಕೈ ಹೆದರುತ್ತದೆ. ಗಟ್ಟಿಮುಟ್ಟಾದ ನನ್ನ ಕೈಯೇ ಹೀಗೆ. ನಾವು ಒಬ್ಬ ಲಕ್ವದ ಮನುಷ್ಯನಿಗೆ, ನೀರು ಕುಡಿಯಬೇಕಾದರೆ ದಿನವೂ ಸೂಜಿ ಪೋಣಿಸು ಎಂದು ಹೇಳಿದ್ದೆವು.

ಹಾಗಾದರೆ ನೋಡದೆ ಕೈ ಹಾಕಿದರೂ ಸಿಗುವಂಥದ್ದು ಏನು ಎಂದು ಯೋಚಿಸುತ್ತ ಕೂತಾಗ ನನಗೆ ತವರಿನ ಜೋಳದ ಹೊಲ ನೆನಪಾಯಿತು. ನನ್ನ ತವರು ಕುಷ್ಟಗಿ ಕಡೆಯ ಒಂದು ಹಳ್ಳಿ. ತೆನೆಯಲ್ಲಿ ಹಾಲು ತುಂಬಿದಾಗ ಹಕ್ಕಿ ಕಾಯಲು ಹೋಗುತ್ತಿದ್ದೆವು. ಕವಣೆ ಬೀಸುವುದು ನನಗೆ ಒಗ್ಗುತ್ತಿರಲಿಲ್ಲ, ಹಕ್ಕಿ ಇರುವ ಜಾಗ ಬಿಟ್ಟು ಬೇರೆ ಎಲ್ಲ ಕಡೆಗೂ ಕಲ್ಲು ಹೋಗುತ್ತಿತ್ತು. ಅದಕ್ಕೆ ನಮ್ಮಪ್ಪ ಹೊಲದ ಉದ್ದಕ್ಕೂ ಗೂಟ ನೆಟ್ಟು ಹಗ್ಗ ಕಟ್ಟಿ, ಅದಕ್ಕೆ ತಗಡಿನ ಡಬ್ಬಿಗಳನ್ನು ತೂಗುಹಾಕಿದ್ದ. ಡಬ್ಬಿಯೊಳಗೆ ಹರಳುಕಲ್ಲು. ನಾನು ಎಲ್ಲೇ ಇರಲಿ, ಹಗ್ಗವನ್ನು ಎಲ್ಲೇ ಹಿಡಿದು ಜಗ್ಗಲಿ, ಇಡೀ ಸಾಲು ಗಲಗಲ ಎನ್ನುವುದು, ಹಕ್ಕಿಗಳು ಏಳುವವು. ಗುರಿ ಹಿಡಿಯುವ ಗೋಜೇ ಇರಲಿಲ್ಲ.

ಸಂಜೆ ಯಜಮಾನರಿಗೆ ಕಿಟಕಿಯಿಂದ ಕಂಡದ್ದನ್ನು ಹೇಳಿದೆ. "ನಾ ಮೂರು ಕಡೆ ಜಾಗಾ ಬದಲು ಮಾಡಿದೆ, ಗುಂಡಿ ಬದಲು ಮಾಡಬೇಕಂತ ತಿಳೀಲೇ ಇಲ್ಲ ನೋಡು" ಎಂದರು. ಡಬ್ಬಿಯ ಮಾತು ತೆಗೆದಾಗ ಮೊದಲು ಮುಖ ಸಣ್ಣ ಮಾಡಿದರು. ಎಲೆಕ್ಟ್ರಿಕಲ್ ಸೆಕ್ಷನ್ನಿನವರ ಮನೆಯಲ್ಲಿ ಕಾಗೆ ಓಡಿಸುವ ಡಬ್ಬಿಯೇ ಎಂದು ಅವರಿಗೆ ಅನಿಸಿರಬೇಕು. ಆದರೂ ಎದ್ದು ಸುತ್ತಿಗೆ ತಂದರು.

ಮಂಚದ ಎಡಮಗ್ಗುಲಿಗೆ, ತಲೆಯ ಕಡೆಯ ಕಾಲಿನಿಂದ ಪಾದದ ಕಡೆಯ ಕಾಲಿನವರೆಗೆ ಒಂದು ಸುತಳಿ ಕಟ್ಟಿದೆವು. ಅಲ್ಲಿಂದ ಅದು ಬಾಗಿಲ ಚೌಕಟ್ಟಿನ ಕೊಂಡಿಗಳಲ್ಲಿ ಹಾಯ್ದು ಅಡುಗೆಮನೆಗೆ ಹೋಗಿ, ಹರಳು ತುಂಬಿದ ಡಬ್ಬಿಗೆ ಸೇರುತ್ತಿತ್ತು. ಮಾವ ಸುಮ್ಮನೆ ನೋಡುತ್ತ ಮಲಗಿದ್ದರು. ಕೈಯನ್ನು ಹಾಗೇ ಬೀಸಿದರೂ ಸುತಳಿ ತಾಗುತ್ತಿತ್ತು, ಅಲ್ಲಿಯವರೆಗೆ ಸರಿ. ಆದರೆ ಅದು ತೆಳ್ಳಗಿತ್ತು, ಹಿಡಿಯಲು ಹೋದರೆ ಬೆರಳ ಸಂದಿಯಿಂದ ಜಾರುತ್ತಿತ್ತು. ಯಜಮಾನರು ತಂದೆಯ ಕೈಯನ್ನು ನೋಡಿ, "ಅಗಲ ಸಾಲವಲ್ದು" ಎಂದು ಒಳಗೆ ಹೋದರು. ಮಂಚಕ್ಕೆ ಹೆಣೆಯಲೆಂದು ತಂದು ಉಳಿದಿದ್ದ ನವಾರಿನ ಸುರುಳಿ ಅಟ್ಟದಲ್ಲಿತ್ತು. ನಾಲ್ಕು ಬೆರಳಗಲದ ದಪ್ಪ ಪಟ್ಟಿ. ಮಂಚದ ಉದ್ದದ ಸುತಳಿ ತೆಗೆದು, ಅಲ್ಲಿ ನವಾರನ್ನೇ ಬಿಗಿದು, ಅದರ ತುದಿಯನ್ನು ಡಬ್ಬಿಗೆ ಹೋಗುವ ಸುತಳಿಗೆ ಕಟ್ಟಿದರು. ಈಗ ಹಿಡಿಯುವುದೂ ಬೇಕಿಲ್ಲ. ಅಂಗೈ, ಮುಂಗೈ, ಮೊಣಕೈ ಯಾವುದು ಬಿದ್ದರೂ, ತಲೆಯ ಹತ್ತಿರ ಬೀಳಲಿ ಸೊಂಟದ ಹತ್ತಿರ ಬೀಳಲಿ, ಡಬ್ಬಿ ಕುಣಿಯುತ್ತಿತ್ತು.

ಸದ್ದು ಕೇಳಿ ಪಕ್ಕದ ಮನೆಯವಳು ಬಂದಳು. ನೀರಾವರಿ ಸೀಮೆಯ ಬತ್ತದ ನಾಡಿನವಳು, ನಮ್ಮ ಒಣಬೇಸಾಯವೆಂದರೆ ಅವಳಿಗೆ ಮೊದಲಿಂದಲೂ ತಮಾಷೆ. "ಏನ್ರೀ ಅಮ್ಮಾ, ಪಡಸಾಲ್ಯಾಗ ಜೋಳ ಬಿತ್ತೀರೇನು? ಹಕ್ಕಿ ಎಲ್ಲಿ ಅದಾವು?" ಎಂದು ನಕ್ಕಳು. ನನಗೆ ಮಾವ ಏನು ತಿಳಿದುಕೊಳ್ಳುವರೋ ಎಂದು ಅಳುಕಾಯಿತು. ಜೀವಮಾನವಿಡೀ ಜೋಳ ಬೆಳೆದವರ ಪಕ್ಕಕ್ಕೆ ಹಕ್ಕಿ ಓಡಿಸುವ ಡಬ್ಬಿ ಕಟ್ಟುವುದೆಂದರೆ ಅವಮಾನ ಎಂದುಕೊಂಡರೆ? ಬಾಗಿಲ ಸಂದಿಯಿಂದ ನೋಡಿದೆ. ಮಾವನ ಮುಖದ ಎಡಭಾಗ ನಗುತ್ತಿತ್ತು. ಬಲಭಾಗಕ್ಕೆ ನಗಲು ಬರುತ್ತಿರಲಿಲ್ಲ, ಅಷ್ಟೇ.

ಮರುದಿನ ಯಜಮಾನರು ಡ್ಯೂಟಿಗೆ ಹೋದರು. ನಾನು ಲೋಟ ತುಂಬಿಸಿ ಸ್ಟೂಲಿನ ಮೇಲಿಟ್ಟು ಒಳಗೆ ಬಂದೆ. ಬೇಳೆ ಬೇಯಿಸಿದೆ, ಅಕ್ಕಿ ಆರಿಸಿದೆ. ಕಿವಿಯೆಲ್ಲ ಡಬ್ಬಿಯ ಮೇಲೆ. ಪಡಸಾಲೆಗೆ ಇಣುಕಿದರೆ ಲೋಟದ ನೀರು ಹಾಗೇ ಇತ್ತು. ಡಾಕ್ಟರು ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು. ಇದೂ ಆಗದಿದ್ದರೆ ಇನ್ನೇನು ಮಾಡುವುದು ಎಂದು ಯೋಚಿಸುತ್ತ ರೊಟ್ಟಿಯ ಹಿಟ್ಟು ನಾದಲು ಕೂತೆ.

ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಒಂದು ಸಲ ಗಲ್ ಎಂದಿತು. ನಿದ್ದೆಯಲ್ಲಿ ಕೈ ತಾಗಿರಬಹುದು ಎಂದು ಹಾಗೇ ನಿಂತೆ. ಮತ್ತೆ ಜೋರಾಗಿ ಸದ್ದಾಯಿತು. ಈ ಸಲ ಸಂಶಯವೇ ಇರಲಿಲ್ಲ, ಹೊಲದಲ್ಲಿ ಗುಬ್ಬಿಯ ಹಿಂಡು ಇಳಿದಾಗ ಜಗ್ಗುವ ಹಾಗೆ ಜಗ್ಗಿದ್ದರು. ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲ ಹತ್ತಿರ ನಿಂತೆ. ಮಾವ ಮೇಲಿನ ಜಂತಿಯನ್ನು ನೋಡುತ್ತಿದ್ದರು. ನನ್ನ ಹೆಜ್ಜೆ ಕೇಳಿ ಮುಖವನ್ನು ಮೆಲ್ಲಗೆ ಈ ಕಡೆಗೆ ತಿರುಗಿಸಿದರು. ಮದುವೆಯಾದ ಮೇಲೆ ಮೊದಲ ಸಲ ಅವರು ನೇರವಾಗಿ ನನ್ನನ್ನೇ ನೋಡಿದರು.

"ತಂಗಿ," ಎಂದರು, ನಮ್ಮ ಕಡೆ ಹಿರಿಯರು ಮಗಳಂಥವಳನ್ನು ಕರೆಯುವ ಹಾಗೆ. ಉಳಿದದ್ದನ್ನು ಹೇಳಲು ನಾಲಿಗೆಗೆ ಕಷ್ಟವಾಯಿತು. "ಬಚ್ಚಲಕ... ಕೈ ಕೊಡು."

"ಬರ್ರಿ ಮಾವಾರ," ಎಂದೆ. ಅದು ನಾನು ಅವರಿಗೆ ಆಡಿದ ಮೊದಲ ಮಾತು. ಎಬ್ಬಿಸಿ ಕೂರಿಸಿ, ಕಂಕುಳಿಗೆ ಹೆಗಲು ಕೊಟ್ಟೆ. ಅವರ ಭಾರ ಪೂರಾ ನನ್ನ ಮೇಲೆ ಬಂತು. ಹಾಗೇ ಬಚ್ಚಲದವರೆಗೆ ಹೋದೆವು. ಗೋಡೆ ಹಿಡಿಸಿ ನಿಲ್ಲಿಸಿ ನಾನು ಹೊರಗೆ ಬಂದೆ, ಕರೆದಾಗ ಮತ್ತೆ ಹೋದೆ. ತಿರುಗಿ ಬರುವಾಗ ಅವರ ಕಾಲು ಹೋಗುವಾಗಿನಷ್ಟು ಎಳೆಯುತ್ತಿರಲಿಲ್ಲ ಎಂದು ನನಗೆ ಅನಿಸಿತು, ಬರೀ ಅನಿಸಿಕೆಯೂ ಇರಬಹುದು.

ಮಂಚದ ಮೇಲೆ ಕೂರಿಸಿದ ಮೇಲೆ ನಾನು ಒಳಗೆ ಹೋಗಲು ತಿರುಗಿದೆ. ಅವರು ಸ್ಟೂಲಿನ ಕಡೆಗೆ ಕೈ ಚಾಚಿದರು. ಲೋಟವನ್ನು ತಾವೇ ಹಿಡಿದು ತುಟಿಗೆ ತಂದರು. ಅರ್ಧ ಎದೆಯ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ನಟ್ಟನಡು ಹಗಲು, ಮಗ ಬರಲು ಇನ್ನೂ ಎಷ್ಟೋ ಹೊತ್ತು ಇತ್ತು. ಖಾಲಿ ಲೋಟವನ್ನು ನನ್ನ ಕಡೆಗೆ ಚಾಚಿ, "ಇನ್ನೊಂದಿಷ್ಟು ಹಾಕು, ತಂಗಿ" ಎಂದರು.